ಮಡಕೆಯ ತಳದ ಪಾಲು

ಮೊದಲು ಹೊಗೆ. ಕಣ್ಣು ಪೂರ್ತಿ ತೆರೆಯುವ ಮುಂಚೆಯೇ ಅದು ಗಂಟಲಿಗೆ ಇಳಿದಿದೆ. ಸೌದೆ ಹಸಿ, ಗಾಳಿ ಆಷಾಢದ್ದು. ಹೆಂಚಿನ ಸಂದಿಯಿಂದ ಹೊರಗೆ ಹೋಗಬೇಕಾದ ಹೊಗೆ ಮತ್ತೆ ಒಳಕ್ಕೇ ನುಗ್ಗಿ ನಿಮ್ಮ ಮುಖಕ್ಕೆ ಬಡಿಯುತ್ತಿದೆ. ಊದುಕೊಳವೆ ಕೆಳಗಿಟ್ಟು ಕೆಮ್ಮುತ್ತೀರಿ. ಕೆಮ್ಮುವಾಗ ಒಂದು ಕೈ ತಾನಾಗಿ ಹೊಟ್ಟೆಯನ್ನು ಹಿಡಿಯುತ್ತದೆ. ಐದು ತುಂಬಿ ಆರಕ್ಕೆ ಬಿದ್ದ ಹೊಟ್ಟೆ.

ಇದು 1943, ಮೈಸೂರಿನ ಮಂಡಿ ಮೊಹಲ್ಲಾ. ನಿಮಗೆ ಇಪ್ಪತ್ತು ವರ್ಷ, ಗಂಡ ಜಟಕಾ ಓಡಿಸುತ್ತಾನೆ. ಈ ಒಲೆ, ಈ ಮನೆ, ಬಾಗಿಲಲ್ಲಿ ಕೂತ ಈ ಅತ್ತೆ ಎಲ್ಲವನ್ನೂ ನಾನೇ ಕಲ್ಪಿಸಿಕೊಂಡು ನಿಮ್ಮ ಸುತ್ತ ಕಟ್ಟಿದ್ದೇನೆ. ಆದರೆ ಇಲ್ಲಿಗೆ ಹತ್ತಿರದಲ್ಲೇ ಇರುವ ಮಿಷನ್ ಆಸ್ಪತ್ರೆ ನಿಜ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂಬುದು ಅದರ ಪೂರ್ತಿ ಹೆಸರು. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಮಸಿಯಲ್ಲಿ ಬರೆದಿಟ್ಟ ದಾಖಲೆಯೂ ನಿಜ. ಅದನ್ನು ಮರೆಯಬೇಡಿ. ಮುಂದೆ ಅದೇ ನಿಮ್ಮ ಪರವಾಗಿ ಮಾತಾಡುತ್ತದೆ.

ಹೊಗೆ ಎದೆಗೆ ಇಳಿಯುತ್ತದೆ. ಅದರೊಳಗೆ ಬಣ್ಣವಿಲ್ಲದ, ವಾಸನೆಯಿಲ್ಲದ ಒಂದು ವಿಷಗಾಳಿ ಇದೆ, ಕಾರ್ಬನ್ ಮಾನಾಕ್ಸೈಡ್. ನಿಮ್ಮ ರಕ್ತದಲ್ಲಿ ಆಮ್ಲಜನಕ ಕೂರುವ ಮಣೆಯ ಮೇಲೆ ಅದು ಬಂದು ಕೂರುತ್ತದೆ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಕೂರುತ್ತದೆ. ನೀವು ಹಿತ್ತಲಿಗೆ ಹೋಗಿ ನಾಲ್ಕು ಸಲ ಉಸಿರೆಳೆದುಕೊಂಡು ಬರಬಹುದು. ಒಳಗಿರುವ ಕೂಸಿಗೆ ಹಿತ್ತಲಿಲ್ಲ. ಬಾರದೆ ಹೋದ ಅಷ್ಟು ಆಮ್ಲಜನಕಕ್ಕೆ ತಕ್ಕಂತೆ ಅದು ತನ್ನ ಬೆಳವಣಿಗೆಯನ್ನು ತುಸು ಹಿಡಿದುಕೊಳ್ಳುತ್ತದೆ.

ಕೆರೆಯ ನೀರಲ್ಲಿ ಮೀನು ಬಾಲ ಆಡಿಸಿದಂತೆ ಹೊಕ್ಕುಳ ಕೆಳಗೆ ಏನೋ ಮಿಸುಕುತ್ತದೆ. ಬೆಳಗ್ಗೆ ರಾಗಿ ಬೀಸುವಾಗಲೂ ಹೀಗೇ ಆಯಿತು. ಕಲ್ಲು ಗುಡುಗಿದಾಗಲೆಲ್ಲ ಅದು ಅಲುಗಿತು, ನೀವು ಪದ ಹಾಡಿಕೊಂಡಾಗ ಸುಮ್ಮನಾಯಿತು. ಅದಕ್ಕೆ ಈಗ ಕಿವಿ ತೆರೆಯುತ್ತಿದೆ. ಸಣ್ಣ ದನಿಗಳು ಹೊಟ್ಟೆಯ ಗೋಡೆಯಲ್ಲೇ ಇಂಗಿ ಹೋಗುತ್ತವೆ, ದಪ್ಪ ದನಿಗಳು ದಾಟುತ್ತವೆ. ನಿಮ್ಮ ದನಿಯಂತೂ ಹೊರಗಿನ ಗಾಳಿಯಿಂದಷ್ಟೇ ಅಲ್ಲ, ನಿಮ್ಮ ಮೈಯ ಮೂಳೆ ಮಾಂಸದ ಮೂಲಕವೇ ಅದನ್ನು ತಲುಪುತ್ತದೆ.

ಈಗ ಊಟದ ಹೊತ್ತು. ಹಿಟ್ಟಿನ ಮಡಕೆಯನ್ನು ಇಳಿಸಿ ತಿರುವಿದ್ದೀರಿ, ರಟ್ಟೆ ನೋಯುತ್ತಿದೆ. ಮೊದಲು ಗಂಡ, ಮೈದುನ. ಆಮೇಲೆ ಮಕ್ಕಳು. ಆಮೇಲೆ ಅತ್ತೆ. ಎಲ್ಲರ ಕೈ ತೊಳೆದಾದ ಮೇಲೆ ನೀವು. ಮಡಕೆಯ ತಳಕ್ಕೆ ಹತ್ತಿದ ಹಿಟ್ಟನ್ನು ಬೆರಳಲ್ಲಿ ಕೆರೆದು ಒಟ್ಟು ಮಾಡುತ್ತೀರಿ. ನಿಂಬೆಗಿಂತ ತುಸು ದೊಡ್ಡ ಮುದ್ದೆ ಆಗುತ್ತದೆ. ಕಾಳೆಲ್ಲ ಹೋಗಿ ಸಾರಿನ ತಿಳಿ ಉಳಿದಿದೆ. ಕಳೆದ ವರ್ಷ ಬರ್ಮಾ ಜಪಾನಿನ ಕೈಗೆ ಹೋದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿದೆ. ಅಕ್ಕಿ ತಿನ್ನುವವರೂ ರಾಗಿಗೆ ತಿರುಗಿದ್ದಾರೆ, ರಾಗಿಯೂ ತುಟ್ಟಿ.

"ಸಾಕೇನವ್ವ?" ಅತ್ತೆ ಕೇಳುತ್ತಾಳೆ. ನೀವು ತಲೆ ಆಡಿಸುತ್ತೀರಿ. "ಬಸುರೀಲಿ ಮಿತವಾಗೇ ಉಣ್ಣಬೇಕು ಕಣವ್ವ. ಕೂಸು ದಪ್ಪ ಆಯ್ತು ಅಂದ್ರೆ ಹೆರೋಕೆ ಆಗಾಕಿಲ್ಲ."

ಅವಳನ್ನು ಬೈಯಬೇಡಿ. ಅವಳ ತಂಗಿ ಮೂರು ದಿನ ನೋವು ತಿಂದು, ಕೂಸು ಹೊರಗೆ ಬಾರದೆ, ಇದೇ ನಡುಮನೆಯಲ್ಲಿ ಕಣ್ಣು ಮುಚ್ಚಿದ್ದನ್ನು ಅವಳು ನೋಡಿದ್ದಾಳೆ. ಆ ಹೆದರಿಕೆಯೇ ನಿಮ್ಮ ತಟ್ಟೆಯನ್ನು ಕಿರಿದು ಮಾಡಿದೆ. ಅವಳು ಬಸುರಿಯಾಗಿದ್ದಾಗಲೂ ಮಡಕೆಯ ತಳವೇ ಅವಳ ಪಾಲಾಗಿತ್ತು.

ರಾತ್ರಿ ಹಸಿವಿಗೆ ಎಚ್ಚರವಾಗುತ್ತದೆ. ಗೋಡೆಯಾಚೆ ಕುದುರೆ ಗೊರಸು ಕುಟ್ಟುವ ಸದ್ದು. ಲಾಯದ ಮೂಲೆಯ ಬಕೆಟ್ಟಿನಲ್ಲಿ ನಾಳೆಗೆಂದು ನೆನೆಸಿಟ್ಟ ಹುರುಳಿ ಇದೆ. ನೀವು ಕತ್ತಲಲ್ಲಿ ಕೈ ಹಾಕುತ್ತೀರಿ. ಉಬ್ಬಿದ ಕಾಳು, ತಣ್ಣನೆ ನೀರು, ಮಣ್ಣಿನ ಕಂಪು. ಬಾಯಲ್ಲಿ ನೀರೂರುತ್ತದೆ. ಕುದುರೆ ತಲೆ ಎತ್ತಿ ನಿಮ್ಮನ್ನೇ ನೋಡುತ್ತದೆ. ಇದಕ್ಕೆ ಬಲ ಇಲ್ಲದಿದ್ದರೆ ಜಟಕಾ ಇಲ್ಲ, ಜಟಕಾ ಇಲ್ಲದಿದ್ದರೆ ಆರು ಬಾಯಿಗೆ ಹಿಟ್ಟಿಲ್ಲ. ಅಲ್ಲದೆ ಹುರುಳಿ ಉಷ್ಣ, ಬಸುರಿ ತಿನ್ನಬಾರದು ಅಂತ ಕೇಳಿದ್ದೀರಿ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತೀರಿ. ಎಷ್ಟು ಹೊತ್ತು ನಿಂತಿರೋ ಗೊತ್ತಾಗುವುದಿಲ್ಲ. ಕೊನೆಗೆ ಅರ್ಧ ಹಿಡಿ ಬಕೆಟ್ಟಿಗೆ ವಾಪಸು ಬೀಳುತ್ತದೆ. ಉಳಿದರ್ಧವನ್ನು ಕಳ್ಳಿಯ ಹಾಗೆ, ಸದ್ದಾಗದಂತೆ ಜಗಿಯುತ್ತೀರಿ.

ಆ ಅರ್ಧ ಹಿಡಿ ಎಲ್ಲಿಗೆ ಹೋಗುತ್ತದೆ ನೋಡೋಣ. ಹೆರಿಗೆಯಾದ ಮೇಲೆ ಸೂಲಗಿತ್ತಿ ಹಿತ್ತಲಲ್ಲಿ ಹೂಳಿಸುವ ಒಂದು ಮಾಂಸದ ತಟ್ಟೆ ಇದೆಯಲ್ಲ, ನಾವು ಅದನ್ನು 'ಕಸ' ಅನ್ನುತ್ತೇವೆ. ದಿನ ತುಂಬುವ ಹೊತ್ತಿಗೆ ಅದರ ತೂಕ ಸುಮಾರು ಅರ್ಧ ಕಿಲೋ. ಕಸ ಅಂದರೂ ಒಂಬತ್ತು ತಿಂಗಳು ಕೂಸಿಗೆ ಬಡಿಸುವುದು ಅದೇ. ನಿಮ್ಮ ರಕ್ತ ಅದರ ಒಂದು ಮಗ್ಗುಲಿಗೆ, ಕೂಸಿನ ರಕ್ತ ಇನ್ನೊಂದು ಮಗ್ಗುಲಿಗೆ; ಎರಡೂ ಬೆರೆಯುವುದಿಲ್ಲ. ತೆಳು ಗೋಡೆಯೊಂದರ ಮೂಲಕ ಸಕ್ಕರೆ, ಕಬ್ಬಿಣ, ಉಸಿರು ದಾಟುತ್ತವೆ.

ಬಂದದ್ದು ಕಮ್ಮಿಯಾದರೆ ಒಳಗೂ ಪಂಕ್ತಿ ಏರ್ಪಡುತ್ತದೆ. ಮೊದಲ ಪಾಲು ಮಿದುಳಿಗೆ. ಆಮೇಲೆ ಹೃದಯಕ್ಕೆ. ಯಕೃತ್ತು, ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ಮಾಂಸಖಂಡ ಇವೆಲ್ಲ ಪಂಕ್ತಿಯ ಕಡೆಗೆ. ಅವುಗಳಿಗೂ ಮಡಕೆಯ ತಳವೇ ಗತಿ. ಮೂತ್ರಪಿಂಡದ ಸೋಸುವ ಕುಚ್ಚುಗಳು ಎಷ್ಟಿರಬೇಕೋ ಅಷ್ಟೂ ಹುಟ್ಟುವ ಮುಂಚೆಯೇ ಕಟ್ಟಿ ಮುಗಿಯಬೇಕು. ಆಮೇಲೆ ಹೊಸದು ಹುಟ್ಟುವುದಿಲ್ಲ. ಕೂಸು ಬದುಕಲಿಕ್ಕಾಗಿ ಈ ಲೆಕ್ಕ ಹಾಕುತ್ತದೆ. ಲೆಕ್ಕ ಜಾಣತನದ್ದೇ. ಆದರೆ ಅದರ ಸಾಲ ತೀರುವುದು ಐವತ್ತು ವರ್ಷದ ಮೇಲೆ.

ಇನ್ನೊಂದು ಮಾತು. ಹೊಟ್ಟೆಯಲ್ಲಿರುವುದು ಹೆಣ್ಣು. ಐದನೆಯ ತಿಂಗಳಿಗೇ ಅವಳ ಪುಟ್ಟ ಅಂಡಾಶಯಗಳಲ್ಲಿ 60–70 ಲಕ್ಷ ಅಂಡಗಳು ತುಂಬಿಕೊಂಡಿವೆ. ಅವಳು ಬಾಳೆಲ್ಲ ಕಾಣುವ ಅಂಡಗಳು ಅಷ್ಟೇ. ಮುಂದೆ ನಿಮ್ಮ ಮೊಮ್ಮಗಳಾಗುವ ಅಂಡವೂ ಅದರಲ್ಲಿದೆ. ಈ ಕತ್ತಲೆ ಲಾಯದಲ್ಲಿ ಅರ್ಧ ಹಿಡಿ ಹುರುಳಿ ಜಗಿಯುತ್ತ ನಿಂತವರು ಒಬ್ಬರಲ್ಲ, ಮೂವರು.

ಕಾರ್ತಿಕದ ಒಂದು ರಾತ್ರಿ ನೀರು ಒಡೆಯುತ್ತದೆ. ದಿನ ತುಂಬಲು ಇನ್ನೂ ಎರಡು ವಾರ. ಕಾಲ ಸಂದಿಯಲ್ಲಿ ಬಿಸಿ ನೀರು, ಚಾಪೆ ತೋಯುತ್ತದೆ, ಸೊಂಟಕ್ಕೆ ಹಗ್ಗ ಬಿಗಿದು ಎಳೆದಂಥ ನೋವು. ಅತ್ತೆ ದೀಪ ಎತ್ತಿ ನೋಡುತ್ತಾಳೆ. ನೀರಿನ ಜೊತೆ ಕೆಂಪು. "ಸೂಲಗಿತ್ತೀನ ಕರೀಲಾ?" ಮೈದುನ ಬಾಗಿಲಲ್ಲಿ ನಿಂತಿದ್ದಾನೆ. ಅತ್ತೆ ಮಾತಾಡುವುದಿಲ್ಲ. ಅವಳ ಕಣ್ಣು ನಡುಮನೆಯ ಆ ಮೂಲೆಯನ್ನು ನೋಡುತ್ತಿದೆ. ಜಾತಿ ಏನನ್ನುತ್ತದೆ, ಬೀದಿ ಏನನ್ನುತ್ತದೆ, ಬಿಳಿ ದೊರೆಸಾನಿಯರು ಏನು ಮಾಡುತ್ತಾರೆ? ನೋವು ಬರುತ್ತದೆ. ಹೋಗುತ್ತದೆ. ಮತ್ತೆ ಬರುತ್ತದೆ. ದೀಪ ಅವಳ ಕೈಯಲ್ಲಿ ನಡುಗುತ್ತದೆ.

"ಗಾಡಿ ಕಟ್ಟು," ಅನ್ನುತ್ತಾಳೆ ಮಗನಿಗೆ. "ಮಿಷನ್ ಆಸ್ಪತ್ರೆಗೆ."

ಮಳೆ. ಗೊರಸಿನ ಸದ್ದು. ಚಕ್ರ ಗುಂಡಿಗೆ ಬಿದ್ದಾಗ ನೀವು ಕಿರುಚುತ್ತೀರಿ. ಅತ್ತೆಯ ಕೈ ನಿಮ್ಮ ಬಾಯಿಗೆ ಬರುವುದಿಲ್ಲ, ಬೆನ್ನಿಗೆ ಬರುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಹೆದರಿಕೆಗೆ ಗರ್ಭದ ರಕ್ತನಾಳಗಳು ಬಿಗಿಯುತ್ತವೆ. ಒಳಗೆ ಇನ್ನೊಂದು ಪುಟ್ಟ ಗುಂಡಿಗೆ ಲಯ ಬದಲಿಸುತ್ತದೆ. ಬೆನ್ನ ಮೇಲೆ ಆ ಕೈ ಮೇಲೆ ಕೆಳಗೆ ಆಡುತ್ತದೆ. ಉಸಿರು ಮರಳುತ್ತದೆ. ಗೇಟು. ಲಾಂದ್ರ. ಫಿನಾಯಿಲ್ ವಾಸನೆ. ಎರಡು ನೋವಿನ ನಡುವೆ ನರ್ಸಮ್ಮ ನಿಮ್ಮನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾಳೆ. ಕೂಸೂ ಸೇರಿ 94 ಪೌಂಡು. ಕೈವಾರದಂಥ ಒಂದು ಸಲಕರಣೆಯಿಂದ ಸೊಂಟದ ಅಗಲ ಅಳೆಯುತ್ತಾಳೆ. ಬೆಳಗಿನ ಜಾವ ಒಂದು ಅಳು ಕೇಳುತ್ತದೆ, ಬೆಕ್ಕಿನ ಮರಿಯ ಅಳುವಿನಷ್ಟು ಸಣ್ಣದು. ತಕ್ಕಡಿಯ ಮುಳ್ಳು ಆಡಿ ನಿಲ್ಲುತ್ತದೆ. 5 ಪೌಂಡು 4 ಔನ್ಸು. ನರ್ಸಮ್ಮ ಲೇಖನಿಯನ್ನು ಮಸಿಯಲ್ಲಿ ಅದ್ದಿ ಬರೆಯುತ್ತಾಳೆ, ಒಂದು ಗಳಿಗೆ ಕಾದು ಪುಟ ತಿರುವುತ್ತಾಳೆ.

ಅತ್ತೆ ಕೂಸನ್ನು ಮಡಿಲಲ್ಲಿ ಹಿಡಿದು ನೋಡುತ್ತಾಳೆ. "ತಲೆ ಚೆನ್ನಾಗದೆ," ಅನ್ನುತ್ತಾಳೆ. ಹೌದು, ಪಂಕ್ತಿಯಲ್ಲಿ ತಲೆ ಮೊದಲು ಕೂತಿತ್ತು.

ಈಗ ದೇಹ ಬದಲಿಸಿ. ನೀವು ಆ ಕೂಸು. ನಿಮಗೆ ಐವತ್ತು.

ಮತ್ತೆ ಆಷಾಢ, ಶುಕ್ರವಾರ, ಚಾಮುಂಡಿ ಬೆಟ್ಟದ ಮೆಟ್ಟಿಲು. ಕೈಯಲ್ಲಿ ಕುಂಕುಮದ ಬಟ್ಟಲು. ಬಾಗಿ ಒಂದು ಮೆಟ್ಟಿಲಿಗೆ ಬೊಟ್ಟಿಟ್ಟು, ಎದ್ದು, ಮುಂದಿನ ಮೆಟ್ಟಿಲಿಗೆ ಮತ್ತೆ ಬಾಗುತ್ತೀರಿ. ಹಿಂದೆ ಜನ, ಮುಂದೆ ಜನ, ಕರ್ಪೂರ, ಬೆವರು, ಒದ್ದೆ ಕಲ್ಲು. ಅರ್ಧ ದಾರಿ ಕಳೆದ ಮೇಲೆ ಎದೆಯ ನಡುವೆ ಯಾರೋ ಮೊಣಕೈ ಊರಿದ ಹಾಗಾಗುತ್ತದೆ. ನಿಲ್ಲುತ್ತೀರಿ. ಅದು ಎಡಭುಜಕ್ಕೆ ಹರಿದು ದವಡೆಗೆ ಏರುತ್ತದೆ. ಬಟ್ಟಲು ಜಾರುತ್ತದೆ. ಕುಂಕುಮ ಮೆಟ್ಟಿಲ ಮೇಲೆ ಚೆಲ್ಲಿ ಮಳೆಹನಿಗೆ ಕದಡುತ್ತದೆ. ಉಸಿರು ಎಳೆದರೆ ಬರುವುದಿಲ್ಲ. ಕಣ್ಣೆದುರು ಕಪ್ಪು ಚುಕ್ಕೆ. ಕೂರುತ್ತೀರಿ. ಯಾರೋ ನೀರು ಕೊಡುತ್ತಾರೆ. ಹತ್ತು ನಿಮಿಷಕ್ಕೆ ಎಲ್ಲ ಇಳಿಯುತ್ತದೆ.

ಮನೆಗೆ ಬಂದು ಯಾರಿಗೂ ಹೇಳುವುದಿಲ್ಲ. ಮಗಳು ಕೇಳಿದರೆ "ಗ್ಯಾಸು ಕಣೆ" ಅನ್ನುತ್ತೀರಿ. ನಿಮ್ಮ ಊಟ ಹಿತವಾದದ್ದು, ಮೈಯೂ ಅಷ್ಟೇನೂ ದಪ್ಪವಲ್ಲ, ಬೀಡಿ ಸಿಗರೇಟು ಕೇಳಲೇ ಬೇಡಿ. ಹೃದಯದ ಕಾಯಿಲೆ ಬೇರೆ ಯಾರಿಗೋ ಬರುವಂಥದ್ದು.

ಅದೇ ತಿಂಗಳು ಇಬ್ಬರು ಹುಡುಗಿಯರು ಬಾಗಿಲು ಬಡಿಯುತ್ತಾರೆ. ಕೈಯಲ್ಲಿ ಪಟ್ಟಿ. ಈ ಬೀದಿಗಳಲ್ಲಿ ಮನೆಮನೆಗೆ ಹೋಗುತ್ತಿದ್ದಾರೆ. "ಅಮ್ಮಾ, ನೀವು ಮಿಷನ್ ಆಸ್ಪತ್ರೇಲಿ ಹುಟ್ಟಿದ್ದಾ? ನಿಮ್ಮ ತಂದೆ ಜಟಕಾ ಓಡಿಸ್ತಿದ್ರಾ?" ಮೈ ಜುಮ್ಮೆನ್ನುತ್ತದೆ. ಅಪ್ಪ ಹೋಗಿ ಇಪ್ಪತ್ತು ವರ್ಷವಾಯಿತು, ಇವರಿಗೆ ಹೇಗೆ ಗೊತ್ತು? ಪುಸ್ತಕದಲ್ಲಿದೆ ಅನ್ನುತ್ತಾರೆ. ಹೋಗಬೇಕೋ ಬೇಡವೋ ಅಂತ ಎರಡು ದಿನ ತೂಗುತ್ತೀರಿ. ಹೋದರೆ ಬೆಟ್ಟದ ಮೆಟ್ಟಿಲಲ್ಲಿ ಆದದ್ದು ಹೊರಬೀಳುತ್ತದೆ. ಹೋಗದಿದ್ದರೆ ಅದು ನಿಮ್ಮೊಬ್ಬರ ಗುಟ್ಟಾಗಿ ಎದೆಯಲ್ಲೇ ಉಳಿಯುತ್ತದೆ. ಮೂರನೆಯ ದಿನ ಹೊರಡುತ್ತೀರಿ.

ಅದೇ ಆಸ್ಪತ್ರೆ. ಮಂಚದ ಮೇಲೆ ಮಲಗಿಸಿ ಎದೆಗೆ ತಣ್ಣನೆಯ ಜೆಲ್ ಹಚ್ಚುತ್ತಾರೆ. ಚಳಿ ಬೆನ್ನ ತನಕ ಇಳಿಯುತ್ತದೆ. ರಬ್ಬರ್ ಬಟ್ಟಲುಗಳು ಚರ್ಮವನ್ನು ಹೀರಿ ಹಿಡಿಯುತ್ತವೆ. ಇಸಿಜಿ ಯಂತ್ರ ಸಣ್ಣಗೆ ಗುನುಗುತ್ತ ಕಾಗದವನ್ನು ಉಗುಳುತ್ತದೆ. ಡಾಕ್ಟರು ಕಾಗದವನ್ನು ಎರಡು ಸಲ ನೋಡುತ್ತಾರೆ. ಆ ಎರಡನೆಯ ನೋಟ ನಿಮಗೆ ಅರ್ಥವಾಗುತ್ತದೆ.

ಈ ಬಾಗಿಲು ಬಡಿಯುವಿಕೆಯ ಹಿಂದೆ ಒಂದು ದೊಡ್ಡ ಊಹೆ ಇದೆ. ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯ ಹರ್ಟ್‌ಫರ್ಡ್‌ಶೈರ್ ಸೀಮೆಯ ಹಳೆಯ ಜನನ ದಾಖಲೆಗಳನ್ನು ಹಿಡಿದು, ಕಮ್ಮಿ ತೂಕದಲ್ಲಿ ಹುಟ್ಟಿದವರು ಮುಂದೆ ಹೃದಯರೋಗದಿಂದ ಹೆಚ್ಚು ಸಾಯುತ್ತಾರೆ ಎಂದು 1989ರಲ್ಲಿ ತೋರಿಸಿದ್ದ. ಅದು ನಮ್ಮ ಜನಕ್ಕೂ ನಿಜವೇ ಎಂದು ನೋಡಲು ಹಳೆಯ ಪುಸ್ತಕ ಬೇಕಿತ್ತು. ಅದು ಮೈಸೂರಿನಲ್ಲಿತ್ತು. ಕ್ಯಾರೊಲಿನ್ ಫಾಲ್ ಮತ್ತು ಜೊತೆಗಾರರು 1934ರಿಂದ 1954ರ ನಡುವೆ ಇಲ್ಲಿ ಹುಟ್ಟಿ ಇಲ್ಲೇ ಹತ್ತಿರ ಬಾಳುತ್ತಿದ್ದ 517 ಜನರನ್ನು ಪರೀಕ್ಷಿಸಿದರು. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೆಕ್ಕ ಅಚ್ಚಾಯಿತು. ಏಳು ಪೌಂಡಿಗಿಂತ ಹೆಚ್ಚು ತೂಗಿ ಹುಟ್ಟಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ನೂರಕ್ಕೆ 3 ಮಂದಿಗೆ. ಐದೂವರೆ ಪೌಂಡು ಅಥವಾ ಅದಕ್ಕೂ ಕಮ್ಮಿ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ. ಹಾಗೆ ಹುಟ್ಟಿದ್ದಲ್ಲದೆ ತಾಯಿಯ ತೂಕವೂ ನೂರು ಪೌಂಡಿಗಿಂತ ಕೆಳಗಿದ್ದವರಲ್ಲಿ ನೂರಕ್ಕೆ 20 ಮಂದಿಗೆ.

ನೀವು 5 ಪೌಂಡು 4 ಔನ್ಸು. ನಿಮ್ಮವ್ವ 94.

ಇದು ಹಣೆಬರಹವಲ್ಲ. ನೂರಕ್ಕೆ 20 ಎಂದರೆ ಉಳಿದ 80 ಜನಕ್ಕೆ ಕಾಯಿಲೆ ಇರಲಿಲ್ಲ. ತೂಕ ಒಂದೇ ಎಲ್ಲವನ್ನೂ ಹೇಳುವುದೂ ಇಲ್ಲ. ನೀವು ವರ್ಷದ ಕೂಸಾಗಿದ್ದಾಗ, 1944–45ರ ಚಳಿಗಾಲದಲ್ಲಿ, ಜರ್ಮನರ ದಿಗ್ಬಂಧನಕ್ಕೆ ಸಿಕ್ಕ ಹಾಲೆಂಡಿನ ಪಟ್ಟಣಗಳಲ್ಲಿ ದಿನದ ಪಡಿತರ ಸಾವಿರ ಕ್ಯಾಲರಿಗೂ ಕೆಳಗಿಳಿದು, ಜನ ಟುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಆ ಹಸಿವಿನಲ್ಲಿ ಬಸಿರು ನಿಂತು, ಮುಂದೆ ಅನ್ನ ಸಿಕ್ಕ ತಾಯಂದಿರ ಕೂಸುಗಳು ಸರಿಯಾದ ತೂಕದಲ್ಲೇ ಹುಟ್ಟಿದವು. ಆದರೂ ನಡುವಯಸ್ಸಿನಲ್ಲಿ ಅವರಲ್ಲಿ ಹೃದಯರೋಗ ಹೆಚ್ಚು ಕಂಡಿತು. ತಕ್ಕಡಿಯ ಮುಳ್ಳು ಕಾಣದ್ದನ್ನು ಮೈ ನೆನಪಿಟ್ಟುಕೊಂಡಿತ್ತು.

ಮಾತ್ರೆಗಳ ಚೀಟಿ ಹಿಡಿದು ಮನೆಗೆ ಬರುತ್ತೀರಿ. ಅವ್ವ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದಾಳೆ, ಎಪ್ಪತ್ತು ದಾಟಿದವಳು. ಹೇಳಲೋ ಬೇಡವೋ? ಹೇಳಿದರೆ ಅವಳು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಆದರೂ ಹೇಳುತ್ತೀರಿ. ಅವಳ ಕೈ ನಿಲ್ಲುತ್ತದೆ.

"ಲಾಯದಲ್ಲಿ ಅರ್ಧ ಹಿಡಿ ಹುರುಳಿ ವಾಪಸು ಹಾಕ್ಬಿಟ್ಟೆ ಮಗ," ಅನ್ನುತ್ತಾಳೆ ಬಹಳ ಹೊತ್ತಿನ ಮೇಲೆ. ನಿಮಗೆ ಅರ್ಥವಾಗುವುದಿಲ್ಲ. ಅವಳು ವಿವರಿಸುವುದೂ ಇಲ್ಲ.

ಇನ್ನೊಮ್ಮೆ ಬದಲಿಸಿ. 1997, ಮಳೆಗಾಲ ಮುಗಿಯುತ್ತ ಬಂದಿದೆ. ಈಗ ನೀವು ಮೊಮ್ಮಗಳು. ಅಜ್ಜಿಯ ಹೊಟ್ಟೆಯೊಳಗಿನ ಹೊಟ್ಟೆಯಲ್ಲಿ ಒಂದು ಚುಕ್ಕೆಯಾಗಿದ್ದವರು.

ಮೂವತ್ತನೆಯ ವಾರ. ರಾತ್ರಿಯಿಂದ ಉಪವಾಸ, ಬೆಳಗ್ಗೆ ಅದೇ ಆಸ್ಪತ್ರೆಯ ಬೆಂಚು. ದೊಡ್ಡ ಲೋಟದಲ್ಲಿ ಗ್ಲೂಕೋಸ್ ನೀರು, ನೂರು ಗ್ರಾಂ. ಮೊದಲ ಗುಟುಕು ಇಳಿಯುತ್ತದೆ, ಮೂರನೆಯದಕ್ಕೆ ಹೊಟ್ಟೆ ತೊಳಸುತ್ತದೆ. ಕಣ್ಣು ಮುಚ್ಚಿ ಕುಡಿದು ಮುಗಿಸುತ್ತೀರಿ. ಆಮೇಲೆ ಮೂರು ಗಂಟೆ ಕಾಯುವುದು, ನಡುನಡುವೆ ಸೂಜಿ. ಹೊಟ್ಟೆಯಲ್ಲಿ ಅದು ಒದೆಯುತ್ತದೆ, ಜೋರಾಗಿ, ಪಕ್ಕೆಲುಬಿಗೆ ತಾಗುವಂತೆ. ನಿಮ್ಮಂತೆಯೇ ಸುಮಾರು 830 ಹೆಂಗಸರು 1997–98ರಲ್ಲಿ ಈ ಸಿಹಿ ಕುಡಿದರು. ಆ ಅಧ್ಯಯನಕ್ಕೆ 'ಮೈಸೂರು ಪಾರ್ಥೆನಾನ್' ಎಂದು ಹೆಸರು.

ಪಕ್ಕದಲ್ಲಿ ಕೂತ ಅತ್ತೆ, "ಒಳ್ಳೆ ಮಾತು ಕೇಳ್ಕೊಂಡು, ಒಳ್ಳೆ ಯೋಚನೆ ಮಾಡ್ಕೊಂಡು ಇರ್ಬೇಕು. ಸುಭದ್ರೆ ನಿದ್ದೆ ಹೋಗಿದ್ದಕ್ಕೆ ತಾನೇ ಅಭಿಮನ್ಯು ಚಕ್ರವ್ಯೂಹದಿಂದ ಆಚೆ ಬರಲಿಲ್ಲ?" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳಿದ್ದು. ಆದರೂ ನಿಮಗೆ ಎದೆಯಲ್ಲಿ ಏನೋ ಚುಚ್ಚುತ್ತದೆ. ಸುಭದ್ರೆಗೆ ಯಾಕೆ ನಿದ್ದೆ ಬಂತು ಅಂತ ಯಾರೂ ಕೇಳಲಿಲ್ಲ. ಬಸುರಿ, ದಣಿದಿದ್ದಳು. ಅವಳ ಕಾಲು ಒತ್ತುವವರು, ತಲೆದಿಂಬು ಸರಿಮಾಡುವವರು ಇದ್ದರೇ? ಕತೆ ಬಹಳ ಕಾಲದಿಂದ ಆ ತಾಯಿಯ ನಿದ್ದೆಯನ್ನೇ ತಪ್ಪೆಂದು ಎಣಿಸುತ್ತ ಬಂದಿದೆ. ಒಂದು ಹೊಟ್ಟೆಯೊಳಗೆ ಮಗು ಬೆಳೆಯುವುದು ನಿಜ. ಆದರೆ ಆ ಹೊಟ್ಟೆ ಒಂದು ಮನೆಯೊಳಗಿದೆ, ಮನೆ ಒಂದು ಬೀದಿಯೊಳಗಿದೆ, ಬೀದಿ ಒಂದು ಕಾಲದೊಳಗಿದೆ. ಒಲೆಯ ಹೊಗೆ, ಊಟದ ಸರದಿ, ಗಂಡನ ದುಡಿಮೆ, ಅತ್ತೆಯ ಹೆದರಿಕೆ, ಬರ್ಮಾದ ಯುದ್ಧ ಎಲ್ಲವೂ ಹೊಕ್ಕುಳಬಳ್ಳಿಯಲ್ಲಿ ಇಳಿಯುತ್ತವೆ. ಅಷ್ಟೂ ಭಾರವನ್ನು ತಾಯಿಯೊಬ್ಬಳ ತಲೆಗೆ ಕಟ್ಟುವುದು ಅನ್ಯಾಯ.

ನಿಮ್ಮ ಹೆಸರು ಕರೆಯುತ್ತಾರೆ. ಸಕ್ಕರೆ ಹೆಚ್ಚಿದೆ.

ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಹೇಗೆ? ನೀವು ಹೊಟ್ಟೆ ತುಂಬ ಉಂಡವರು. ಅಜ್ಜಿಯ ಹಾಗೆ ಹಸಿದವರಲ್ಲ, ಅಮ್ಮನ ಹಾಗೆ ಕಮ್ಮಿ ತೂಕದಲ್ಲಿ ಹುಟ್ಟಿದವರೂ ಅಲ್ಲ. ಡಾಕ್ಟರು ಕಾಗದದ ಮೇಲೆ ಗೀರು ಎಳೆದು ತೋರಿಸುತ್ತಾರೆ. ತಾಯಿಯ ರಕ್ತದ ಸಕ್ಕರೆ ಕಸದ ಗೋಡೆಯನ್ನು ದಾಟುತ್ತದೆ, ಅದನ್ನು ಹದಕ್ಕೆ ತರುವ ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಕೂಸು ತಾನೇ ಇನ್ಸುಲಿನ್ ಸುರಿಸಿ, ಬಂದ ಸಕ್ಕರೆಯನ್ನೆಲ್ಲ ಕೊಬ್ಬು ಮಾಡಿ ಕಟ್ಟಿಟ್ಟುಕೊಳ್ಳುತ್ತದೆ. ಹಳೆಯ ದಾಖಲೆ ಇದನ್ನೂ ಹೇಳಿತ್ತು. ಗಿಡ್ಡಕ್ಕೆ ಗುಂಡಗೆ ಹುಟ್ಟಿದವರಲ್ಲಿ, ದಪ್ಪ ತಾಯಂದಿರ ಮಕ್ಕಳಲ್ಲಿ ಮುಂದೆ ಸಕ್ಕರೆ ಕಾಯಿಲೆ ಹೆಚ್ಚೆಂದು 1998ರಲ್ಲಿ ಪ್ರಕಟವಾಗುತ್ತದೆ. ಹಸಿವೂ ಇಳಿಯುತ್ತದೆ, ಅತಿಯೂ ಇಳಿಯುತ್ತದೆ.

ನಿಮ್ಮಂತೆ ಸಿಹಿ ಕುಡಿದ ಆ ಹೆಂಗಸರಲ್ಲಿ ನೂರಕ್ಕೆ 6 ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಇತ್ತು. ನೂರಕ್ಕೆ 43 ಮಂದಿಯಲ್ಲಿ ಬಿ12 ಕೊರತೆ. ಇಷ್ಟು ಬಿಸಿಲಿನ ಊರಲ್ಲಿ ನೂರಕ್ಕೆ 66 ಮಂದಿಯಲ್ಲಿ ಡಿ ಜೀವಸತ್ವದ ಕೊರತೆ. ಹುಟ್ಟಿದ ಮಕ್ಕಳನ್ನು ಡಾ. ಜಿ.ವಿ. ಕೃಷ್ಣವೇಣಿ ಮತ್ತು ಜೊತೆಗಾರರು ವರ್ಷಗಟ್ಟಲೆ ಕರೆಸಿ ಅಳೆದರು. ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಚರ್ಮದಡಿಯ ಕೊಬ್ಬು ಹೆಚ್ಚಿತ್ತು. ಆದರೆ ನಿಮ್ಮ ಮಟ್ಟಿಗೆ ಇದು ಇನ್ನೂ ಮೂವತ್ತನೆಯ ವಾರ. ಇನ್ನೂ ಹತ್ತು ವಾರ ಕೈಯಲ್ಲಿದೆ. ನಿಮ್ಮಜ್ಜಿಗೆ ಸಿಗದ ಭಾಗ್ಯ ಇದೊಂದೇ: ಗೊತ್ತಾಗಿದೆ, ಹೊತ್ತಿಗೆ ಸರಿಯಾಗಿ ಗೊತ್ತಾಗಿದೆ.

ಈಗ ಕಡೆಯ ಸಲ, ಮೊದಲ ದೇಹಕ್ಕೆ ಮರಳಿ. ಮಂಡಿ ನೋಯುತ್ತದೆ, ಕಣ್ಣಿಗೆ ಪೊರೆ. ಎಪ್ಪತ್ತನಾಲ್ಕು.

ಮೊಮ್ಮಗಳು ಅಡುಗೆಮನೆ ಬಾಗಿಲಲ್ಲಿ ಅಳು ನುಂಗಿಕೊಂಡು ನಿಂತಿದ್ದಾಳೆ. ಗ್ಯಾಸ್ ಒಲೆ ನೀಲಿಯಾಗಿ ಉರಿಯುತ್ತಿದೆ, ಹೊಗೆಯಿಲ್ಲ. ಕಟ್ಟೆಯ ಮೇಲೆ ನೀವು ಬೆಳಗ್ಗೆಯಿಂದ ಕಟ್ಟಿದ ರವೆ ಉಂಡೆ ಸಾಲಾಗಿ ಕೂತಿವೆ, ಬಸುರಿಯ ಬಯಕೆಗೆಂದು. ಐವತ್ತನಾಲ್ಕು ವರ್ಷದ ಹಿಂದಿನ ಆ ಅರ್ಧ ಹಿಡಿಯನ್ನು ಇವತ್ತು ತುಪ್ಪದಲ್ಲಿ ತೀರಿಸಬೇಕು ಅಂದುಕೊಂಡಿದ್ದಿರಿ. ಅವಳು ಹೇಳಿದ್ದನ್ನು ಕೇಳುತ್ತೀರಿ. ಕೈ ಉಂಡೆಯ ಮೇಲೇ ಉಳಿಯುತ್ತದೆ. ಕೊಡದೆ ಇರುವುದು ನಿಮಗೆ ಲಾಯದ ಆ ರಾತ್ರಿಗಿಂತ ಕಷ್ಟ. ಆಗ ಇರಲಿಲ್ಲ, ಕೊಡಲಾಗಲಿಲ್ಲ. ಈಗ ಇದೆ, ಕೊಡಬಾರದು.

ಡಬ್ಬಿಯ ಮುಚ್ಚಳ ಹಾಕುತ್ತೀರಿ.

"ಬಾ, ಕೂತ್ಕೊ ಮಗ."

"ಅಜ್ಜಿ, ಅವ್ರೆಲ್ಲ ಬರ್ಲಿ. ಒಟ್ಟಿಗೆ ಉಂಡ್ರಾಯ್ತು."

"ಅವ್ರು ಬರ್ತಾರೆ. ನೀನು ಕೂತ್ಕೊ."

ನಡುಗುವ ಕೈಯಲ್ಲಿ ಚಿಕ್ಕದೊಂದು ಮುದ್ದೆ ಇಡುತ್ತೀರಿ. ಪಕ್ಕದಲ್ಲಿ ಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ. ಸಾರಿನ ಪಾತ್ರೆಗೆ ಸೌಟನ್ನು ಆಳವಾಗಿ ಇಳಿಸಿ ಮೊಳಕೆ ಬಂದ ಹೆಸರುಕಾಳನ್ನೇ ತುಂಬಿ ಎತ್ತುತ್ತೀರಿ. ತಿಳಿಯೆಲ್ಲ ಬಸಿದು ಕಾಳು ಉಳಿಯುತ್ತದೆ. ಅವಳ ತಟ್ಟೆಗೆ ಮೊದಲು. ಉಂಡಾದ ಮೇಲೆ ಇಬ್ಬರೂ ಬೀದಿಯ ಕೊನೆಯ ತನಕ ನಡೆದು ಬರಬೇಕು ಅಂತ ಡಾಕ್ಟರು ಹೇಳಿದ್ದಾರಂತೆ. ನೀವು ಬರುತ್ತೀರಿ, ಮಂಡಿ ನೋವಿದ್ದರೂ.

ಅವಳು ಉಣ್ಣುವ ತನಕ ಎದುರಿಗೆ ಕೂತು, ಯಾವಾಗಲೋ ಬೀಸುವ ಕಲ್ಲಿನ ಮುಂದೆ ಹಾಡಿಕೊಳ್ಳುತ್ತಿದ್ದ ಪದವೊಂದನ್ನು ಗುನುಗುತ್ತೀರಿ. ದನಿ ಒಡೆದು ದಪ್ಪವಾಗಿದೆ; ದಾಟುವಂಥ ದನಿ. ಅವಳು ತುತ್ತು ನಿಲ್ಲಿಸಿ ನಿಮ್ಮ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಅಂಗೈಯ ಕೆಳಗೆ ಅದು ಅಲುಗುತ್ತದೆ, ಆಮೇಲೆ ಸುಮ್ಮನಾಗುತ್ತದೆ.

ಹೊರಗೆ ಚಪ್ಪಲಿ ಬಿಡುವ ಸದ್ದು. ಗಂಡಸರು ಬಂದರು. ಒಲೆಯ ಮೇಲಿನ ಪಾತ್ರೆಯಲ್ಲಿ ಇನ್ನೂ ತಳ ಕಂಡಿಲ್ಲ.